ಕುಂಬಳಕಾಯಿಗೆ ಅಪ್ಪನ ಕನ್ನಡಕ

ನಮ್ಮ ಜಯನಗರದ ಮನೆ ಮಾರದೆ ಜೆ.ಪಿ. ನಗರದಲ್ಲಿ ಕಟ್ಟಿಸುತ್ತಿದ್ದ ಮನೆಗೆ ತಾರಸಿ ಇಲ್ಲ. ಅಲ್ಲಿ ಗೋಡೆಗಳು ಎದ್ದು ನಿಂತಿದ್ದವು, ಮೇಲೆ ಬರೀ ಆಕಾಶ. ಸಿಮೆಂಟಿಗೂ ರೇಷನ್ ಇದ್ದ ಕಾಲ; ಪರ್ಮಿಟ್ ಮೇಲೆ ಸಿಕ್ಕಿದ ಮೂಟೆಗಳು ನಮ್ಮ ನಡುಮನೆಯಲ್ಲಿ ಹೋಗಲೊಲ್ಲದ ನೆಂಟರ ಹಾಗೆ ಕೂತಿದ್ದವು. ಮಳೆಗಾಲ ಬಂದರೆ ಎಲ್ಲಾ ಕಲ್ಲಾಗುತ್ತೆ ಅಂತ ಅಮ್ಮ ದಿನಾ ಒಂದೊಂದನ್ನೂ ಒತ್ತಿ ನೋಡುತ್ತಿದ್ದಳು.

ಆದರೆ ಅಪ್ಪ ಮೇಷ್ಟ್ರು. ಮನೆ ನೋಡೋಕೆ ಬಂದವರಿಗೆ ಗೇಟಿನಲ್ಲೇ ಪಾಠ ಶುರು: "ಬಚ್ಚಲ ಗೋಡೆ ಮಳೆಗಾಲದಲ್ಲಿ ಬೆವರುತ್ತೆ. ಹೇಳಿಬಿಡೋದು ನನ್ನ ಧರ್ಮ." ಮೂರು ಜನ ಚಪ್ಪಲಿ ಕೂಡ ಬಿಡದೆ ವಾಪಸ್ಸಾದರು.

ಬ್ರೋಕರ್ ಕೈ ಮುಗಿದ. "ಸಾರ್, ನೀವು ಮಾತು ಸ್ವಲ್ಪ ಕಮ್ಮಿ ಮಾಡಿ, ಮನೆಗೆ ಬಣ್ಣ ಸ್ವಲ್ಪ ಜಾಸ್ತಿ ಮಾಡಿ."

ಅಮ್ಮ ಕೆನೆ ಬಣ್ಣ ಅಂದಳು. ಅಪ್ಪ ಪಿಸ್ತಾ ಹಸಿರು ಅಂದರು. ಪಿಸ್ತಾ ಹಸಿರೇ ಆಯಿತು; ಹೆರಿಗೆ ಆಸ್ಪತ್ರೆ ಅಂದುಕೊಂಡು ಯಾರಾದರೂ ಬಿಸಿನೀರು ಕೇಳಬಹುದಿತ್ತು. ಗೇಟಿಗೆ ಬೆಳ್ಳಿ ಬಣ್ಣ ಬಳಿದವನು ನಾನು. ಅರ್ಧ ಗೇಟಿಗೆ, ಅರ್ಧ ನನ್ನ ಪ್ಯಾಂಟಿಗೆ.

ಮನೆ ಇಷ್ಟು ಹೊಳೆದರೆ ದೃಷ್ಟಿ ಆಗುತ್ತೆ ಅಂತ ಅಮ್ಮನಿಗೆ ಭಯ. ಮುಂಬಾಗಿಲ ಮೇಲೆ ಬೂದುಗುಂಬಳಕಾಯಿ ತೂಗಲೇಬೇಕು. ಅದಕ್ಕೆ ರಾಕ್ಷಸನ ಮುಖ ಬರೆಯೋ ಕೆಲಸ ನನ್ನದು. ಬಿ.ಕಾಂ. ಎರಡನೇ ವರ್ಷವನ್ನು ಎರಡನೇ ಸಲ ಓದುತ್ತಿದ್ದ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ದಪ್ಪ ಫ್ರೇಮಿನ ಕನ್ನಡಕ, ಪೊರಕೆ ಮೀಸೆ, ಮೇಲೇರಿದ ಎಡ ಹುಬ್ಬು ಬರೆದೆ. ಅಪ್ಪ ಹತ್ತಿರ ಬಂದು ಪರೀಕ್ಷೆ ಮಾಡಿ, "ಪರವಾಗಿಲ್ಲ ಕಣೋ, ಭಯಂಕರವಾಗಿದೆ," ಅಂದರು.

ಭಾನುವಾರ ವಿಲ್ಸನ್ ಗಾರ್ಡನ್‌ನಿಂದ ಗಂಡ ಹೆಂಡತಿ ಬಂದರು. ಅಪ್ಪ ತುಟಿ ಬಿಗಿದು ನಿಂತಿದ್ದರು. ಬಾಯಿ ಬಿಡಕೂಡದು ಅಂತ ಅಮ್ಮ ದೇವರ ಮೇಲೆ ಆಣೆ ಹಾಕಿಸಿದ್ದಳು. ಆ ಗಂಡನ ಕಣ್ಣು ಸೀದಾ ಕುಂಬಳಕಾಯಿಗೆ ಹೋಯಿತು.

"ಹಳೇ ಮನೆ, ಹೊಸಾ ಬಣ್ಣ, ಈಗ ತಾನೇ ಕಟ್ಟಿರೋ ಕುಂಬಳಕಾಯಿ. ಸಾರ್, ಇಲ್ಲಿ ದೆವ್ವ ಗಿವ್ವ ಏನೂ ಇಲ್ಲ ತಾನೇ?"

ಅಪ್ಪ ಆಣೆಗೆ ಕಟ್ಟುಬಿದ್ದು ಗೋಣು ಕೂಡ ಆಡಿಸಲಿಲ್ಲ. ಆ ಮೌನ ದೆವ್ವಕ್ಕಿಂತ ಕಡೆಯಾಯಿತು. ಗಂಡ ಚಪ್ಪಲಿ ಮೆಟ್ಟತೊಡಗಿದ.

ಇನ್ನೇನು ಸಿಮೆಂಟ್ ಕಲ್ಲಾಯಿತು ಅಂದುಕೊಂಡು ನಾನು ಮುಂದೆ ನುಗ್ಗಿದೆ. "ದೆವ್ವ ಅಲ್ಲ ಸಾರ್, ಅದು ನಮ್ಮಪ್ಪ! ನೋಡಿ ಬೇಕಾದ್ರೆ." ಎಡ ಹುಬ್ಬು ಏರಿಸಿ, ಗಂಟಲು ಸರಿ ಮಾಡಿಕೊಂಡು ಅಪ್ಪನ ದನಿ ತೆಗೆದೆ. ಆ ದನಿಯಲ್ಲಿ ನನಗೆ ಬಾಯಿಪಾಠ ಇದ್ದದ್ದು ಒಂದೇ ಮಾತು. ಅದೇ ಬಂದುಬಿಟ್ಟಿತು: "ಬಚ್ಚಲ ಗೋಡೆ ಮಳೆಗಾಲದಲ್ಲಿ ಬೆವರುತ್ತೆ. ಹೇಳಿಬಿಡೋದು ನನ್ನ ಧರ್ಮ."

ಅಮ್ಮ ಹಣೆ ಚಚ್ಚಿಕೊಂಡಳು.

ಆತನ ಹೆಂಡತಿ ಕುಂಬಳಕಾಯಿ ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಕುಂಬಳಕಾಯಿ ನೋಡಿದರು. ಸೆರಗು ಬಾಯಿಗೆ ತುರುಕಿಕೊಂಡು ಜಗಲಿ ಮೇಲೆ ಕೂತೇಬಿಟ್ಟರು. ನಗು ನಿಂತ ಮೇಲೆ ಗಂಡನಿಗೆ ಹೇಳಿದರು: "ರೀ, ಇಷ್ಟು ಮನೆ ನೋಡಿದ್ವಲ್ಲ, ಯಾರಾದ್ರೂ ಒಬ್ರು ಬಚ್ಚಲ ಸಂಗತಿ ಹೇಳಿದ್ರಾ? ಚಪ್ಪಲಿ ಬಿಡಿ, ಒಳಗೆ ನೋಡೋಣ."

ಮನೆ ಅವರೇ ಕೊಂಡರು. ಮಳೆ ಬರೋ ಮೊದಲೇ ಜೆ.ಪಿ. ನಗರದ ಮನೆಗೆ ತಾರಸಿ ಆಯಿತು. ಹೊಸ ಮನೆಗೂ ಕುಂಬಳಕಾಯಿ ಬಂತು. ನಾನು ಬ್ರಷ್ಷಿಗೆ ಕೈ ಚಾಚಿದರೆ ಅಪ್ಪ ಕೊಡಲಿಲ್ಲ. ತಾವೇ ಕೂತು, ಎರಡು ಕಿವಿಯ ಮಧ್ಯೆ ಬರೀ ಬಾಯಿ ಬರೆದರು.

ಎದುರುಮನೆ ಆಂಟಿ ಕುಂಬಳಕಾಯಿ ನೋಡಿ ಗೇಟಿನಿಂದಲೇ ಕೂಗಿದರು: "ನಿಮ್ಮ ಮಗ ಚೆನ್ನಾಗಿ ಬಂದಿದ್ದಾನೆ ಸಾರ್!"