ಹರವಿಯ ಮೇಲೆ ಕುಳಿತ ಬಾಸ್ ಗಿಟಾರು

ಮೊನ್ನೆ ಮೊಮ್ಮಗಳು ತನ್ನ ಫೋನಿನಲ್ಲಿ ಒಂದು ಆಲ್ಬಮ್ಮಿನ ಚಿತ್ರ ತೋರಿಸಿದಳು. ನೋಡಿದೊಡನೆ ಎದೆ ಧಸಕ್ಕೆಂದಿತು. ಸುಮಾರು ಐವತ್ತು ವರ್ಷದ ಹಿಂದೆ ಮಾವನ ಮನೆಯ ಅಂಗಳದಲ್ಲಿ ನನ್ನ ಮಾನ ಕಳೆದದ್ದು ಇದೇ ಆಲ್ಬಮ್ಮು! ಚಿತ್ರದ ಕೆಳಗೆ ಕೇಳುಗರ ಅಭಿಪ್ರಾಯಗಳ ದೊಡ್ಡ ಸಾಲು. ಜಾಝ್ ಸಂಗೀತಕ್ಕೆ ಇಷ್ಟು ಕುಣಿತ ಒಗ್ಗದು ಎಂದು ಒಬ್ಬ, ಕುಣಿತವೇ ಇದರ ಜೀವ ಎಂದು ಇನ್ನೊಬ್ಬ. ಎಲ್ಲರೂ ಬಲ್ಲವರೇ ಇರಬೇಕು. ಆದರೆ ನನ್ನನ್ನು ಕೇಳಿದರೆ, ಇದಕ್ಕೆ ತಕ್ಕ ಅಭಿಪ್ರಾಯ ಕೊಟ್ಟದ್ದು ನನ್ನ ಮಾವನ ಊರು, ಹೂವಿನ ಹಿಪ್ಪರಗಿ. ಅದನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ.

ಎಪ್ಪತ್ತರ ದಶಕದ ಮಾತು. ನಾನಾಗ ಸಿಂದಗಿಯಲ್ಲಿ ಹೈಸ್ಕೂಲ್ ಮಾಸ್ತರ. ರೇಡಿಯೋ ಕೇಳಿ ಕೇಳಿ ಸಂಗೀತವೆಲ್ಲ ತಿಳಿದುಬಿಟ್ಟಿದೆ ಎಂಬ ಜಂಬವಿತ್ತು. ಆ ಜಂಬದಿಂದಲೇ ನನ್ನ ಮದುವೆಯಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಭಜನೆ ಶುರುವಾಯಿತು. ತಬಲಾದ ಜೋಡಿ ಡಗ್ಗಾ ಇರುತ್ತದಲ್ಲ, ಎಡಗೈಯಲ್ಲಿ ನುಡಿಸುವ ದಪ್ಪ ದನಿಯದು, ಅದು ಗುಮ್ಮೆನ್ನುತ್ತಿತ್ತು. ನಾನು ಕುಳಿತಲ್ಲಿಂದಲೇ, “ಆ ಡಗ್ಗಾ ಸ್ವಲ್ಪ ಕಡಿಮಿ ಮಾಡ್ರಿ, ಹಾಡೇ ಕೇಳವಲ್ದು!” ಎಂದು ಕೂಗಿದೆ. ನುಡಿಸುತ್ತಿದ್ದವರು ಆಗಷ್ಟೇ ಮಗಳನ್ನು ಧಾರೆ ಎರೆದುಕೊಟ್ಟು ಹೋಗಿ ಕುಳಿತಿದ್ದ ನನ್ನ ಮಾವ. ಗದ್ದಲದಲ್ಲಿ ನನಗೆ ಕಂಡಿರಲಿಲ್ಲ. ಅವರು ಡಗ್ಗಾಕ್ಕೆ ಬಟ್ಟೆ ಸುತ್ತಿ ಎತ್ತಿಟ್ಟರು. ಆಮೇಲೆ ನಾನಿದ್ದಾಗ ಒಮ್ಮೆಯೂ ಮುಟ್ಟಲಿಲ್ಲ. ನನ್ನನ್ನು ಅಳಿಯ ಎಂದೂ ಕರೆಯಲಿಲ್ಲ. ಬಾಯಿ ತುಂಬ “ಮಾಸ್ತರ, ಬರ್ರಿ”, “ಮಾಸ್ತರ, ಊಟ ಮಾಡ್ರಿ” ಎನ್ನುವರು. ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯ ಮಾವನ ಮನೆಯಲ್ಲೇ. ಮುಂಬಯಿಯ ಗೆಳೆಯ ಕೊಟ್ಟಿದ್ದ ಈ ರೆಕಾರ್ಡನ್ನು ಅಂದು ಬಗಲಲ್ಲಿಟ್ಟುಕೊಂಡು ಹೋದೆ. ಮಾವನನ್ನು ಒಲಿಸಿಕೊಳ್ಳಲು ಸಂಗೀತ ಬಿಟ್ಟರೆ ಬೇರೆ ದಾರಿ ಹೊಳೆದಿರಲಿಲ್ಲ. ಬಾಗೇವಾಡಿಯಿಂದ ಸ್ಪೀಕರಿನ ಲಾಲಸಾಬ ಬಂದು, ಮಾಳಿಗೆಯ ಮೇಲೆ ತಗಡಿನ ಕಹಳೆಯಂಥ ಸ್ಪೀಕರು ಕಟ್ಟಿದ್ದ. ನಾನು ಎದ್ದು ನಿಂತು ಸಣ್ಣದೊಂದು ಭಾಷಣವನ್ನೇ ಮಾಡಿದೆ: “ಇದರಾಗ ದಪ್ಪ ತಂತಿ ಗಿಟಾರ ಬಾರಸಾವನೇ ದೊಡ್ಡ ಉಸ್ತಾದ. ಅವನ ಕೈ ಕೇಳ್ರಿ!”

ರೆಕಾರ್ಡು ತಿರುಗಿತು. ತುತ್ತೂರಿಗಳು ಕಿರುಚಿದವು, ತಾಳಗಳು ಸಿಡಿದವು. ದಪ್ಪ ತಂತಿಯವನ ಸುಳಿವೇ ಇಲ್ಲ! ತಗಡಿನ ಕಹಳೆಯಲ್ಲಿ ದಪ್ಪ ದನಿ ಹೊರಗೆ ಬರುವುದೇ ಇಲ್ಲವೆಂಬುದು ನನಗೇನು ಗೊತ್ತು?

“ಹಾಡವರು ಯಾವಾಗ ಬರ್ತಾರ್ರಿ?” ಎಂದರು ಪಕ್ಕದ ಮನೆಯ ಗೌಡರು.

“ಅಡಿಗಿಮನ್ಯಾಗ ಭಾಂಡೆ ಬಿದ್ದುವೇನ, ನೋಡ್ರೆವಾ!” ಎಂದಳು ಹೆಂಡತಿಯ ಸೋದರತ್ತೆ.

ಕೊನೆಗೆ ಮಾವನವರು ಮೆಲ್ಲಗೆ, “ಮಾಸ್ತರ, ನಿಮ್ಮ ಉಸ್ತಾದ ಯಾವಾಗ ಬಾರಸ್ತಾನ್ರಿ?” ಎಂದರು.

“ಬಾರಸಾಕತ್ತಾನ್ರಿ, ಮಾವಾರ.”

ಅಂಗಳವೆಲ್ಲ ಗೊಳ್ಳೆಂದಿತು. ನಾನು ಇಂಗು ತಿಂದ ಮಂಗನಾದೆ. ಮಾವನವರು ಮಾತ್ರ ನಗಲಿಲ್ಲ.

ಹುಗ್ಗಿ ಉಂಡು ಮಂದಿ ಚದುರಿದ ಮೇಲೆ ಅವರು ಬಚ್ಚಲಿನಿಂದ ನೀರು ತುಂಬುವ ಮಣ್ಣಿನ ಖಾಲಿ ಹರವಿಯೊಂದನ್ನು ಎತ್ತಿಕೊಂಡು ಬಂದರು. ಲಾಲಸಾಬನ ಸಾಮಾನಿನಲ್ಲಿ ಹಳೆಯ ರೇಡಿಯೋದಿಂದ ಬಿಚ್ಚಿದ ದುಂಡನೆಯ ಸ್ಪೀಕರಿತ್ತು. ಅದನ್ನು ಹರವಿಯ ಬಾಯಿಗೆ ಕೂಡಿಸಿದರು.

“ದಪ್ಪ ದನಿಗೆ ಕೆಳಗ ಪೊಳ್ಳ ಬೇಕೋ ಲಾಲಸಾಬ. ಡಗ್ಗಾಕ್ಕ ಬೇಕು, ಇವಗ ಬ್ಯಾಡೇನು? ಹಚ್ಚು. ಒಬ್ಬ ಬಾರಸಾಕತ್ತಾನಂದ್ರ ಕೇಳಬೇಕಲ್ಲ.”

ಹರವಿ ಗುಮ್ಮೆಂದಿತು. ಅಷ್ಟು ಹೊತ್ತು ಎಲ್ಲಿ ಅಡಗಿದ್ದನೋ ಮಾರಾಯ, ದಪ್ಪ ತಂತಿಯವನು ಜಿಗಿಯುತ್ತ, ತಡೆಯುತ್ತ, ಮತ್ತೆ ಜಿಗಿಯುತ್ತ ಬಂದೇಬಿಟ್ಟ. ಮಾವನವರು ಹರವಿಯ ಹೊಟ್ಟೆಗೆ ಎಡಗೈ ಹಚ್ಚಿ ಕಣ್ಣು ಮುಚ್ಚಿದರು. ಒಂದು ಬದಿ ಪೂರ್ತಿ ಮುಗಿಯುವ ತನಕ ಅಲುಗಲಿಲ್ಲ.

“ಇವಗೂ ಯಾರರ ಕಡಿಮಿ ಮಾಡು ಅಂದಿರಬೇಕ್ರಿ,” ಎಂದರು. “ಬಿಟ್ಟಿಲ್ಲ ನೋಡ್ರಿ ಮಗ. ನಾನು ಬಿಟ್ಟಬಿಟ್ಟೆ.”

ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಬಿತ್ತು. “ತಪ್ಪಾತ್ರಿ, ಮಾವಾರ. ನೀವಂತ ನಾ ನೋಡಿರಲಿಲ್ಲ. ಬ್ಯಾರೆಯವರಿಗೂ ಹಂಗ ಅನ್ನಬಾರದಿತ್ತು.”

ಅವರು ಎದ್ದು ಒಳಗೆ ಹೋದರು. ಇನ್ನಷ್ಟು ಕೆಡಿಸಿದೆನೇ ಎಂದು ಜೀವ ಹಾರಿತು. ಬರುವಾಗ ಅವರ ಕೈಯಲ್ಲಿ ಡಗ್ಗಾ ಇತ್ತು. ಬಟ್ಟೆ ಬಿಚ್ಚಿ, ಧೂಳು ಒರೆಸಿ, ಹರವಿಯ ಪಕ್ಕ ಕುಳಿತರು.

“ಇನ್ನೊಮ್ಮೆ ಹಚ್ಚೋ ಲಾಲಸಾಬ. ಕೇಳ್ರಿ, ಅಳಿಯಾರ.”

ಆ ಮಧ್ಯಾಹ್ನ ಮಾವನವರೂ ದಪ್ಪ ತಂತಿಯವನೂ ಕೂಡಿ ನುಡಿಸಿದ್ದನ್ನು ಬಣ್ಣಿಸುವಷ್ಟು ಸಂಗೀತ ನನಗೆ ಗೊತ್ತಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ. ತೊಟ್ಟಿಲಲ್ಲಿದ್ದ ಕೂಸು ಮಾತ್ರ ಅಳು ನಿಲ್ಲಿಸಿ ನಿದ್ದೆ ಹೋಯಿತು.

ಮೊಮ್ಮಗಳು ನನ್ನ ಕಿವಿಗೆ ಇಯರ್‌ಫೋನು ಸಿಕ್ಕಿಸಿದಳು. ಹರವಿ ಬೇಡ, ಏನೂ ಬೇಡ. ಬಾಸ್ ಗಿಟಾರಿನ ಒಂದೊಂದು ಮೀಟೂ ನಿಚ್ಚಳ. ಮುಗಿಯುವ ತನಕ ಕೇಳಿದೆ. ಮಾವನವರು ಹೋಗಿ ಎಷ್ಟೋ ವರ್ಷವಾಯಿತು. ಆದರೂ ಕಣ್ಣು ತುಂಬಿ ಬಂತು.

“ಹೆಂಗೈತಿ ಅಜ್ಜಾ?” ಎಂದಳು.

“ಚೊಲೊ ಐತವಾ,” ಎಂದೆ. “ಡಗ್ಗಾದವರು ಬಂದಿಲ್ಲ.”