ಟೈಲರಣ್ಣ ತರಿಸಿದ ಜಪಾನಿ ಪುಸ್ತಕಗಳು

ಟೈಲರಣ್ಣನ ಎಡಗಣ್ಣಿನ ಬಿಳಿಯಲ್ಲಿ ಒಂದು ಕೆಂಪು ಗೆರೆ ಇತ್ತು. ಬ್ಲೌಸಿನಿಂದ ಬಿಚ್ಚಿ ತೆಗೆದ ನೂಲಿನ ತುಂಡಿನಷ್ಟೇ ಉದ್ದ, ಅಷ್ಟೇ ಸಪೂರ. ಅವರು ಗಿರಾಕಿಗಳ ಮುಖ ನೋಡಿ ಮಾತಾಡುವವರಲ್ಲ, ಭುಜ ನೋಡಿ ಮಾತಾಡುವವರು. ಹಾಗಾಗಿ ಆ ಗೆರೆಯನ್ನು ಕಂಡವರು ಕಡಿಮೆ. ನಾನು ಕಂಡಿದ್ದೆ. ಏನೂ ಅನಿಸಿರಲಿಲ್ಲ.

ಪೈವಳಿಕೆಯಲ್ಲಿ ಬಸ್ಸು ನಿಲ್ಲುವ ಕಡೆ ಅವರ ಅಂಗಡಿ. ಒಂದೇ ಬಾಗಿಲು, ಎರಡು ಮೆಷಿನು, ಲೈನಿಂಗ್ ಬಟ್ಟೆ ಇಡುವ ಒಂದು ಗಾಜಿನ ಕಪಾಟು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಅಮ್ಮ ಬೀಡಿ ಕಟ್ಟಿದರು. ನಾನು ಟೈಲರಣ್ಣನ ಅಂಗಡಿಯಿಂದ ಬ್ಲೌಸು ತಂದು, ಮನೆಯಲ್ಲಿ ಕೂತು ಹೆಮ್ಮಿಂಗ್ ಮಾಡಿ, ಹುಕ್ಕು ಇಟ್ಟು ಕೊಟ್ಟೆ. ಹಾಗೆ ಮೂರು ವರ್ಷ ಓದಿದೆ.

ಕಾಲೇಜಿಗೆ ಸೇರಿದ ವಾರವೇ ಅವರು ನನಗೆ ‘ಬಿಕಾಂ’ ಎಂದು ಹೆಸರಿಟ್ಟರು.

“ಇನ್ನೂ ಪಾಸಾಗ್ಲಿಲ್ಲ ಟೈಲರಣ್ಣ.”

“ಬಟ್ಟೆ ಕಟ್ ಮಾಡಿ ಆಯ್ತಲ್ಲ ಮಾರಾಯ್ತಿ. ಇನ್ನು ಅದು ಬ್ಲೌಸೇ ಆಗಬೇಕು, ಲಂಗ ಆಗ್ಲಿಕ್ಕಿಲ್ಲ.”

ಪಾಸಾದ ಮೇಲೂ, ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಂಪೆನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿದ ಮೇಲೂ ಅದೇ ಹೆಸರು. ಸಂಜೆ ಬಸ್ಸಿಳಿದರೆ ಕೂಗುತ್ತಿದ್ದರು. “ಓ ಬಿಕಾಂ, ಸ್ವಲ್ಪ ಬಾ. ಈ ಎರಡು ನೂಲಲ್ಲಿ ಯಾವುದು ಈ ಸೀರೆಗೆ ಹೊಂದ್ತದೆ?” ನಾನು ತೋರಿಸುತ್ತಿದ್ದೆ. ಇಪ್ಪತ್ತೈದು ವರ್ಷ ಹೊಲಿದವರು ನೂಲಿನ ಬಣ್ಣವನ್ನು ನನ್ನ ಹತ್ತಿರ ಯಾಕೆ ಕೇಳುತ್ತಾರೆ ಎಂದು ಯೋಚಿಸಲಿಲ್ಲ. ಓದಿದವಳೆಂದು ಕೇಳುತ್ತಾರೆ ಅಂದುಕೊಂಡೆ.

ಅವರ ಜಪಾನಿನ ಹುಚ್ಚು ಊರಿಗೆಲ್ಲ ಗೊತ್ತಿತ್ತು. ಹನ್ನೆರಡು ವರ್ಷ ಗಲ್ಫಿನಲ್ಲಿ ಬುರ್ಖಾ ಹೊಲಿಯುವ ಅಂಗಡಿಯಲ್ಲಿದ್ದಾಗ ರೂಮಿನಲ್ಲಿ ಜೊತೆಗಿದ್ದವನು ಫಿಲಿಪೀನ್ಸಿನವನು. ಅವನು ರಜೆಯ ದಿನ ಲ್ಯಾಪ್‌ಟಾಪಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನು, ಹಾಕಿದರೆ ಇವರೂ ಪಕ್ಕದಲ್ಲಿ ಕೂತು ನೋಡುತ್ತಿದ್ದರಂತೆ. ಇಬ್ಬರಿಗೂ ಆ ಭಾಷೆ ಬಾರದು. ಕತೆ ಅರ್ಧ ತಿಳಿಯುತ್ತಿತ್ತು, ಹಾಡು ಪೂರ್ತಿ ಬಾಯಿಗೆ ಬರುತ್ತಿತ್ತು. ಊರಿಗೆ ಬರುವಾಗ ಎಲ್ಲರೂ ಸೆಂಟು, ಬಾದಾಮಿ ತಂದರೆ ಇವರು ಸಿಡಿ ಮತ್ತು ಅನಿಮೆಯ ಮ್ಯಾಗಜಿನು ತಂದರು. ಮೆಷಿನು ತುಳಿಯುತ್ತಾ ಆ ಹಾಡುಗಳನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದರು. ಎರಡು ಸಲ ಕೇಳಿದ್ದು ಅವರಿಗೆ ಬಾಯಿಪಾಠ.

“ಅರ್ಥ ಗೊತ್ತುಂಟಾ?” ಎಂದು ನಾನೊಮ್ಮೆ ಕೇಳಿದೆ.

“ಭಟ್ಟರು ಹೇಳುವ ಮಂತ್ರದ ಅರ್ಥ ನಿನಗೆ ಗೊತ್ತುಂಟಾ? ಆದ್ರೂ ಕೈ ಮುಗಿಯುವುದಿಲ್ವಾ?”

ಮ್ಯಾಗಜಿನುಗಳನ್ನು ಗಾಜಿನ ಕಪಾಟಿನಲ್ಲೇ ಇಟ್ಟದ್ದರಿಂದ ಬಂದವರೆಲ್ಲ ಅದನ್ನು ಡಿಸೈನ್ ಪುಸ್ತಕ ಎಂದೇ ತಿಳಿಯುತ್ತಿದ್ದರು. ಒಬ್ಬರು ಬ್ಯಾರ್ತಿ ಅಕ್ಕ, ಬ್ಯಾರಿ ಮುಸ್ಲಿಮರ ಮನೆಯವರು, ಪುಟ ತಿರುಗಿಸಿ, “ಇದು ನಮ್ಮ ಕಿತಾಬಿನ ಹಾಗೆ ಬಲಗಡೆಯಿಂದ ತೆರೆಯುವುದಲ್ವಾ” ಎಂದು ಖುಷಿಪಟ್ಟಿದ್ದರು. ಇನ್ನೊಬ್ಬರು ಐವತ್ತು ದಾಟಿದ ಹೆಂಗಸು, ನೀಲಿ ಕೂದಲಿನ ಹುಡುಗಿಯ ಚಿತ್ರಕ್ಕೆ ಬೆರಳಿಟ್ಟು, ಮಗನ ಮದುವೆಗೆ ಇದೇ ಮಾಡೆಲ್ ತೋಳು ಬೇಕು ಎಂದು ಹಟ ಹಿಡಿದರು.

ಟೈಲರಣ್ಣ ತಲೆ ಎತ್ತಲಿಲ್ಲ. “ಅದು ರಾಕ್ಷಸರ ಜೊತೆ ಯುದ್ಧಕ್ಕೆ ಹೋಗುವವಳ ಡ್ರೆಸ್ಸು. ನಿಮಗೆ ಯಾರ ಜೊತೆ ಯುದ್ಧ?”

“ಸೊಸೆ ಬರ್ತಾಳಲ್ಲ,” ಎಂದರು ಆಕೆ. “ಹೊಲಿದು ಇಡಿ.”

ಹೊಲಿದು ಕೊಟ್ಟರು. ಆ ತೋಳು ಮತ್ತೆ ನಾಲ್ಕೈದು ಮದುವೆಗಳಲ್ಲಿ ಕಂಡಿತು. ಅಂಗಡಿಯಲ್ಲಿ ನಕ್ಕು ನಕ್ಕು ಸಾಕಾದ ದಿನಗಳು ಇದ್ದವು ಎಂದು ಬರೆಯುವುದಕ್ಕಾಗಿ ಇದನ್ನು ಹೇಳಿದೆ. ಈಗ ನೆನೆಸಿದರೆ ನಗು ಬರುವುದಿಲ್ಲ, ಅಳುವೂ ಬರುವುದಿಲ್ಲ.

ಅವರಿಗೆ ಶುಗರ್ ಇತ್ತು. ಎರಡು ವರ್ಷದ ಹಿಂದೆ ಶಾಲೆಯ ಹಾಲಿನಲ್ಲಿ ಉಚಿತ ಕಣ್ಣು ತಪಾಸಣೆಯ ಕ್ಯಾಂಪ್ ಆಯಿತು. ಅಮ್ಮನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಸಾಲಿನಲ್ಲಿ ನಮ್ಮ ಮುಂದೆಯೇ ಟೈಲರಣ್ಣ. ಗಡಿಯ ಊರು, ಕನ್ನಡ ಓದುವವರೂ ಮಲಯಾಳ ಓದುವವರೂ ಬರುತ್ತಾರೆಂದು ಗೋಡೆಗೆ ಅಂಕೆಗಳ ಚಾರ್ಟು ಹಾಕಿದ್ದರು. ಮುಂದಿದ್ದವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುತ್ತಿದ್ದರು. ಸಾಲಿನಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

ಟೈಲರಣ್ಣ ಹಿಂದೆ ತಿರುಗಿ ಪಿಸುಗುಟ್ಟಿದರು. “ಬಿಕಾಂ, ಕೊನೇ ಸಾಲು ನಾಲ್ಕು, ಏಳು, ಎರಡು, ಒಂಬತ್ತು, ಐದು. ಬಾಯಿಪಾಠ ಆಯ್ತು.”

“ಕಾಪಿ ಹೊಡೆದು ಪಾಸಾಗ್ತೀರಾ?”

“ಮತ್ತೆ? ಈ ಹಾಲಿನಲ್ಲಿ ಇರುವವರೆಲ್ಲ ನನ್ನ ಗಿರಾಕಿಗಳು. ಟೈಲರನಿಗೆ ಕಣ್ಣು ಕಾಣುವುದಿಲ್ಲ ಅಂತ ಆದ್ರೆ ನಾಳೆಯಿಂದ ಬ್ಲೌಸ್ ಪೀಸು ಯಾರು ಕೊಡ್ತಾರೆ?”

ನಾನು ನಕ್ಕೆ. ಬಾಯಿಗೆ ಕೈ ಅಡ್ಡ ಇಟ್ಟು ನಕ್ಕೆ. ಅವರು ಹೋಗಿ ನಿಂತು ಕೊನೇ ಸಾಲನ್ನು ತಡವರಿಸದೆ ಹೇಳಿದರು. ಆಸ್ಪತ್ರೆಯ ಹುಡುಗಿ ‘ಗುಡ್’ ಎಂದು ಚೀಟಿಯಲ್ಲಿ ಗುರುತು ಹಾಕಿದಳು. ಅಮ್ಮ ಎರಡನೇ ಸಾಲಿಗೇ ನಿಂತುಬಿಟ್ಟರು. ಓದಲಾಗದವರ ಹೆಸರು ಬರೆದುಕೊಂಡು ಮುಂದಿನ ವಾರ ಮಂಗಳೂರಿಗೆ ಕರೆದುಕೊಂಡು ಹೋದರು. ಅಮ್ಮನಿಗೆ ಪೊರೆಯ ಆಪರೇಶನ್ ಆಯಿತು. ಈಗ ಚೆನ್ನಾಗಿ ಕಾಣುತ್ತದೆ.

ಅದಾದ ಮೇಲೆ ಟೈಲರಣ್ಣ ಜಪಾನಿನ ಸಾಮಾನು ಒಂದರ ಮೇಲೊಂದು ತರಿಸುವುದಕ್ಕೆ ಶುರುಮಾಡಿದರು. ಮೊದಲು ವರ್ಷಕ್ಕೊಂದು ತರಿಸುತ್ತಿದ್ದವರು ಈಗ ಹೆಚ್ಚುಕಡಿಮೆ ತಿಂಗಳಿಗೊಂದು. ಆರ್ಡರ್ ಹಾಕುವುದು ನನ್ನ ಮೊಬೈಲಿನಿಂದ. ಐದು ಹುಡುಗಿಯರ ಬ್ಯಾಂಡಿನ ಬಗ್ಗೆಯೇ ಇದ್ದ ಒಂದು ವಿಶೇಷ ಸಂಚಿಕೆ ಬಂತು. ಮದುವೆಯ ಆಲ್ಬಮಿನಷ್ಟು ದಪ್ಪದ್ದು ಒಂದು ಬಂತು, ಒಳಗೆ ಮಡಚಿದ ಪೋಸ್ಟರು. ಹಳೆಯ ಸಂಚಿಕೆ ಮೂರು ಒಟ್ಟಿಗೆ. ಹಾಡಿನ ಸಿಡಿ ಎರಡು, ಪ್ರತಿಯೊಂದರ ಒಳಗೆ ಹಾಡು ಅಚ್ಚುಹಾಕಿದ ಸಣ್ಣ ಪುಸ್ತಕ. ಆರ್ಡರ್ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. “ಒಳಗೆ ಅಕ್ಷರ ಸಣ್ಣ ಉಂಟಾ, ನೋಡು.”

“ಸಣ್ಣ ಅಕ್ಷರ ಎಂತಕ್ಕೆ? ಹೇಗೂ ಓದ್ಲಿಕ್ಕೆ ಬರುವುದಿಲ್ಲ.”

“ಅದಕ್ಕೇ ಬೇಕಾದ್ದು,” ಎನ್ನುತ್ತಿದ್ದರು. ತಮಾಷೆ ಎಂದುಕೊಂಡೆ.

ಅಮ್ಮ ಬಯ್ಯುತ್ತಿದ್ದರು. “ಅಷ್ಟು ಪ್ರಾಯದವರಿಗೆ ಕಾರ್ಟೂನಾ? ನೀನಾದ್ರೂ ಹೇಳ್ಬಾರ್ದಾ?”

ಒಂದು ಭಾನುವಾರ ಮಧ್ಯಾಹ್ನ ನನ್ನ ಚೂಡಿದಾರದ ಅಳತೆ ನೋಡಬೇಕೆಂದು ಅವರ ಅಳತೆ ಪುಸ್ತಕ ತೆಗೆದೆ. ಪ್ರತಿ ಪುಟದ ಮೇಲೆ ಗಿರಾಕಿಯ ಹೆಸರು, ಕೆಳಗೆ ಉದ್ದ, ಎದೆ, ಸೊಂಟ, ತೋಳು. ಕೊನೆಯ ಪುಟಕ್ಕೆ ಮಾತ್ರ ಹೆಸರಿರಲಿಲ್ಲ. ಎಡ, ಬಲ ಎಂದು ಎರಡೇ ಅಳತೆ. ಎಡ ಹನ್ನೊಂದು, ಬಲ ಹದಿನಾಲ್ಕು. ಕೆಲವು ಸಾಲು ಕೆಳಗೆ ಎಡ ಎಂಟು, ಬಲ ಹನ್ನೆರಡು. ಇನ್ನೂ ಕೆಳಗೆ ಎಡ ನಾಲ್ಕು, ಬಲ ಒಂಬತ್ತು. ಕೆಳಗಿಳಿದ ಹಾಗೆ ಅಂಕೆಗಳ ಬರಹ ದೊಡ್ಡದಾಗುತ್ತಾ, ವಕ್ರವಾಗುತ್ತಾ ಹೋಗಿತ್ತು.

“ಇದು ಯಾರ ಅಳತೆ ಟೈಲರಣ್ಣ? ಹೀಗೆ ಸಣ್ಣ ಆಗ್ತಾ ಹೋಗುವವರು?”

ಅವರು ಮೆಷಿನು ನಿಲ್ಲಿಸಿದರು. ಕಪಾಟಿನಿಂದ ಹೊಸ ಮ್ಯಾಗಜಿನು ತೆಗೆದು ಬಾಗಿಲ ಬೆಳಕಿಗೆ ಬಂದು ಕೂತರು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಪುಟವನ್ನು ಮೂಗಿನ ಹತ್ತಿರ ತಂದರು. ಟೇಪನ್ನು ನನ್ನ ಕೈಗೆ ಕೊಟ್ಟು, “ಹುಬ್ಬಿನಿಂದ ಪುಸ್ತಕಕ್ಕೆ ಹಿಡಿ,” ಎಂದರು. ಹಿಡಿದೆ. ಮೂರು ಇಂಚು.

“ನಮ್ಮ ಅಕ್ಷರ ಆದ್ರೆ ಅರ್ಧ ಕಂಡ್ರೂ ಉಳಿದದ್ದು ತಲೆಯೇ ಓದಿ ಹೇಳ್ತದೆ,” ಎಂದರು. “ಇದರಲ್ಲಿ ಮೋಸ ಇಲ್ಲ. ಗೆರೆ ಕಂಡ್ರೆ ಕಂಡಿತು, ಇಲ್ಲದಿದ್ರೆ ಇಲ್ಲ. ಹಳೆ ಪುಸ್ತಕದ್ದು ಆಕಾರ ನೆನಪಿರ್ತದೆ. ಅದಕ್ಕೇ ಹೊಸತು.”

ಅಂದರೆ ಪಾರ್ಸೆಲು ಬಂದಾಗೆಲ್ಲ ಅವರು ಸಣ್ಣ ಅಕ್ಷರ ಎಷ್ಟು ಇಂಚಿಗೆ ಕಾಣುತ್ತದೆ ಎಂದು ತಮ್ಮ ಕಣ್ಣಿನ ಅಳತೆ ತೆಗೆದು, ಗಿರಾಕಿಯದನ್ನು ಬರೆಯುವ ಹಾಗೆ ಬರೆದಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅಂಗಡಿ ಹೋಗುತ್ತದೆ ಎಂಬ ಒಂದೇ ಹೆದರಿಕೆ.

ಮರುದಿನ ನಾನು ರಜೆ ಹಾಕಿ, ಅವರ ಹೆಂಡತಿಯನ್ನೂ ಕರೆದುಕೊಂಡು ಮಂಗಳೂರಿಗೆ ಹೋದೆ. ಡಾಕ್ಟರು ತುಂಬ ಹೊತ್ತು ನೋಡಿದರು. ಶುಗರಿನಿಂದ ಕಣ್ಣಿನ ಹಿಂದಿನ ಪರದೆ ಹಾಳಾಗಿದೆ, ಎಡಗಣ್ಣು ಇನ್ನು ಬರುವುದಿಲ್ಲ, ಬಲಗಣ್ಣಿಗೆ ಲೇಸರ್ ಮಾಡಿ ನೋಡುವ ಎಂದರು.

“ಒಂದು ವರ್ಷ ಮೊದಲು ಬರಬೇಕಿತ್ತು. ನಿಮ್ಮ ಕಡೆ ಕ್ಯಾಂಪ್ ಎಲ್ಲ ಆಗ್ತದಲ್ಲ, ಹೋಗಿರಲಿಲ್ವಾ?”

“ಹೋಗಿದ್ದೆ,” ಎಂದರು ಟೈಲರಣ್ಣ. “ಪಾಸಾಗಿದ್ದೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗಾಯಿತು. ನಾನು ಗೋಡೆ ನೋಡುತ್ತ ನಿಂತೆ.

ಲೇಸರಿನ ನಂತರವೂ ಬಲಗಣ್ಣು ಉಳಿಯಲಿಲ್ಲ. ಅಂಗಡಿಯ ಬಾಗಿಲು ಹಾಕಿದರು. ಮೆಷಿನುಗಳನ್ನು ಯಾರೋ ಒಯ್ದರು. ಮ್ಯಾಗಜಿನುಗಳು ಅವರ ಮನೆಗೆ ಹೋದವು. ನಾನು ಭಾನುವಾರ ಹೋಗಿ ಚಿತ್ರಗಳನ್ನು ಹೇಳುತ್ತಿದ್ದೆ. ನನಗೆ ಅನಿಮೆ ಗೊತ್ತಿಲ್ಲ, ಹೊಲಿಗೆ ಗೊತ್ತು. ಅವರಿಗೂ ಹಾಗೆ ಹೇಳಿದರೇ ಸರಿ.

“ಕಾಲರು?”

“ಚೌಕ. ಬೆನ್ನಿನ ಕಡೆ ಇಳಿದಿದೆ.”

“ಪೈಪಿಂಗ್?”

“ಬಿಳಿ. ಎರಡು ಸಾಲು.”

“ತೋಳು?”

“ಪಫ್.”

“ಜಪಾನಿನವರಿಗೂ ಪಫ್ ಬಿಟ್ಟು ಆಗುವುದಿಲ್ಲ ನೋಡು.”

ಕಿಡ್ನಿಯೂ ಹಾಳಾಗುತ್ತಿತ್ತು. ಮುಖ ಊದಿತ್ತು. ಅಂಥ ಒಂದು ಭಾನುವಾರ ನಾನು ಪುಟದ ಮಧ್ಯೆ ನಿಲ್ಲಿಸಿ ಹೇಳಿದೆ. “ಟೈಲರಣ್ಣ, ಕ್ಯಾಂಪಿನ ದಿನ ನಾನು ಆ ಹುಡುಗಿಗೆ ಹೇಳಬೇಕಿತ್ತು. ಇಲ್ಲದಿದ್ರೆ ನಿಮಗಾದ್ರೂ ಹೇಳಬೇಕಿತ್ತು, ಮಂಗಳೂರಿಗೆ ಹೋಗಿ ಅಂತ.”

“ಹೇಳಿದ್ರೆ ನಾನು ಬಯ್ತಿದ್ದೆ.”

ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಅವರು ಮಂಚದ ಅಂಚನ್ನು ಬೆರಳಿನಿಂದ ಅಳೆಯುತ್ತಾ ಮತ್ತೆ ಹೇಳಿದರು. “ಬೈದು ಹೋಗ್ತಿದ್ದೆ. ನೀನು ಓದಿದವಳಲ್ವಾ. ನೀನು ತೋರಿಸಿದ ನೂಲನ್ನು ನಾನು ಯಾವತ್ತಾದ್ರೂ ಬೇಡ ಅಂದದ್ದುಂಟಾ?”

ಕೋಪದಿಂದ ಹೇಳಿದ್ದಲ್ಲ. ಸಮಾಧಾನ ಮಾಡಲು ಹೇಳಿದ್ದೂ ಅಲ್ಲ. ಇದ್ದದ್ದನ್ನು ಹೇಳಿದರು. “ಮುಂದಿನ ಪುಟದಲ್ಲಿ ಎಂತ ಉಂಟು?” ಎಂದರು. ಹೇಳಿದೆ.

ಮಳೆಗಾಲ ಮುಗಿಯುವ ಮೊದಲು ಅವರು ತೀರಿಕೊಂಡರು. ಆಫೀಸಿಗೆ ಫೋನು ಬಂತು. ನಾನು ಕೈಯಲ್ಲಿದ್ದ ಫೈಲು ಮುಗಿಸಿ, ಟಿಫಿನ್ ಡಬ್ಬಿ ತೊಳೆದು, ಬಸ್ಸು ಹತ್ತಿದೆ. ಅವರ ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ.

ಡಿಗ್ರಿ ಮಾಡಿದೆನೆಂದು ಊರಿನಲ್ಲಿ ನನ್ನನ್ನು ಹೊಗಳಿದವರು ತುಂಬ ಜನ. ಆ ಓದನ್ನು ನಂಬಿ ಕೂತಿದ್ದವರು ಟೈಲರಣ್ಣ ಒಬ್ಬರೇ. ಅವರಿಗೆ ಅದು ಬೇಕಾದ ದಿನ ನಾನು ನಗುತ್ತಿದ್ದೆ.