ಅಲೆ ನಿಂತ ರಟ್ಟಿನ ಪೆಟ್ಟಿಗೆ

ಎಪ್ಪತ್ತರ ದಶಕದ ನಡುವಿನ ಮಾತು. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ರಟ್ಟಿನ ಪೆಟ್ಟಿಗೆ ಶೆಡ್ಡಿನಲ್ಲಿ ನಾನು ಅಂಟು ಹಚ್ಚುವ ಕೆಲಸದವಳು. ಓದಿದ್ದು ಮೂರನೇ ಕ್ಲಾಸು. ಮೊನ್ನೆ ಮೊಮ್ಮಗಳು ಹುಟ್ಟಿದಾಳೆ ನೋಡಿ, ಖುಷಿಗೆ ಬಾಯಿ ಮುಚ್ಚಕ್ಕೇ ಆಗ್ತಿಲ್ಲ! ಅವಳು ಮಲಗಿರೋ ತೊಟ್ಟಿಲು ನೋಡಿದಾಗಲೇ ಇದೆಲ್ಲ ನೆನಪಾಗಿದ್ದು.

ಲಾಟೀನಿನ ಗಾಜು ಆಗ ಮರದ ಪೆಟ್ಟಿಗೆಯಲ್ಲಿ ಹೋಗ್ತಿತ್ತು. ಆ ಪೆಟ್ಟಿಗೆ ಮಾಡ್ತಿದ್ದವರು ನಮ್ಮ ವಠಾರದ ಬಡಗಿ ಸಿದ್ದಾಚಾರ್ರು. ಗಾಜಿನ ಕಂಪನಿಯವರು ನಮ್ಮ ಸಾಹುಕಾರರಿಗೆ, "ರಟ್ಟಿನಲ್ಲಿ ಮಾಡಿಕೊಡಿ. ಹಗುರ, ಮರ ಕಡಿಯೋದೂ ತಪ್ಪುತ್ತೆ" ಅಂದರು. ನಮ್ಮ ರಟ್ಟು ಹಳೇ ಕಾಗದ ಅರೆದು ಮಾಡಿದ್ದು. ಎರಡು ಹಾಳೆ ನಡುವೆ ಅಲೆ ಅಲೆಯಾದ ಇನ್ನೊಂದು ಹಾಳೆ, ಮೈದಾ ಅಂಟು. ಪೇರಿಸಿಟ್ಟರೆ ಮಳೆಗಾಲದ ಥಂಡಿಗೆ ಬೆಳಗಾಗೋದರಲ್ಲಿ ಕೆಳಗಿನದು ಕುಸಿದು ಕೂತಿರ್ತಿತ್ತು. ಅಂಟು ಗಟ್ಟಿ ಮಾಡಿದೆವು, ರಟ್ಟು ದಪ್ಪ ಮಾಡಿದೆವು. ಊಹೂಂ. "ಇನ್ನೊಂದು ಸಲ ಕುಸಿದರೆ ಶೆಡ್ಡಿಗೆ ಬೀಗ ಕಣಮ್ಮ" ಅಂದರು ಸಾಹುಕಾರರು. ನಾನು ಬಸುರಿ, ಗಂಡನಿಗೆ ಕೆಲಸವಿಲ್ಲ. ನಮ್ಮ ಒಲೆ ಉರೀತಿದ್ದಿದ್ದೇ ಆ ಅಂಟಿನಿಂದ.

ಕುಸಿದ ಪೆಟ್ಟಿಗೆಯೊಂದನ್ನು ಮನೆಗೆ ತಂದೆ. ಜಗಲಿಯಲ್ಲಿ ಬೀಡಿ ಸೇದ್ತಿದ್ದ ಆಚಾರ್ರನ್ನ, ಯಾಕೆ ಹೀಗೆ ಅಂತ ಕೇಳಿದೆ. ಅವರು ಅದನ್ನು ಸಿಗಿದು, ಅಂಚು ನೋಡಿ ನಕ್ಕರು.

"ಏನ್ ಗೌರಕ್ಕ, ಮನೆಗೆ ಕಂಬ ನಿಲ್ಲಿಸ್ತಾರೋ, ಮಲಗಿಸ್ತಾರೋ?"

"ನಿಲ್ಲಿಸ್ತಾರೆ."

"ಮತ್ತೆ ನಿಮ್ಮ ಅಲೆ ಯಾಕೆ ಮಲಗಿದಾವೆ?"

ರಟ್ಟು ವೇಸ್ಟ್ ಆಗದಿರಲಿ ಅಂತ ನಾವು ಅಡ್ಡಡ್ಡ ಕತ್ತರಿಸ್ತಿದ್ದೆವು. ಮರುದಿನ ಅಲೆಗಳು ನೆಟ್ಟಗೆ ನಿಲ್ಲೋ ಹಾಗೆ ಕತ್ತರಿಸಿದೆವು. ಪೆಟ್ಟಿಗೆ ನಿಂತಿತು. ಮಳೆ ಥಂಡಿಯಲ್ಲೂ ನಿಂತಿತು! ಸಾಹುಕಾರರು ಜಾಮೂನು ಹಂಚಿದರು. ನನ್ನ ಪಾಲಿನದನ್ನು ಆಚಾರ್ರಿಗೆ ಕೊಡೋಣ ಅಂತ ಓಡಿ ಬಂದೆ. ಅವರ ಬಾಗಿಲು ಕಂಡಾಗಲೇ ತಲೆಗೆ ಹೊಳೆದಿದ್ದು, ಈ ಸಿಹಿ ಯಾವುದಕ್ಕೆ ಅಂತ ಹೇಳಲಿ?

ಇನ್ನು ಮರದ ಪೆಟ್ಟಿಗೆ ಯಾರೂ ಕೇಳಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. "ಗೊತ್ತಿದ್ದೂ ಯಾಕೆ ಹೇಳಿಕೊಟ್ರಿ?" ಅಂದೆ.

"ಕೇಳಿದ್ರಲ್ಲ. ಕೈಗೆ ಬಂದ ಕೆಲಸದ ಬಗ್ಗೆ ಸುಳ್ಳು ಹೇಳಕ್ಕೆ ಬರಲ್ಲ ಕಣಕ್ಕ."

ಅವರಿಗೆ ಶೆಡ್ಡಿನಲ್ಲಿ ಒಂದು ಕೆಲಸ ಕೊಡಿ ಅಂತ ಸಾಹುಕಾರರ ಮುಂದೆ ನಿಂತೆ. "ರಟ್ಟಿಗೆ ಮೊಳೆ ಹೊಡೆಯೋನು ಯಾಕಮ್ಮ?" ಅಂದುಬಿಟ್ಟರು.

ಆಚಾರ್ರು ಗಾಜಿನ ಪೆಟ್ಟಿಗೆಗೆ ಅಂತ ಇಟ್ಟು ಉಳಿದ ಹಲಗೆಯಲ್ಲಿ ನನ್ನ ಮಗುವಿಗೆ ಇದೇ ತೊಟ್ಟಿಲು ಮಾಡಿಕೊಟ್ಟು ವಠಾರ ಬಿಟ್ಟರು. ಎಲ್ಲಿಗೆ ಅಂತ ನಾನೂ ಕೇಳಲಿಲ್ಲ.

ಪೇರಿಸುವಾಗ ಮೇಲೆ ನೋಡಬಾರದು, ಎಲ್ಲಕ್ಕಿಂತ ಕೆಳಗಿರೋದನ್ನ ನೋಡಬೇಕು. ಆ ಕೆಲಸ ಕಲಿಸಿದ್ದು ಅಷ್ಟೇ. ಈಗ ಮೊಮ್ಮಗಳನ್ನು ತೂಗ್ತಾ ಕೂತರೆ ಖುಷಿಗೆ ಹಾಡು ತಾನಾಗೇ ಬರುತ್ತೆ. ತೊಟ್ಟಿಲ ಹಲಗೆಯ ಒಳಮೈಯಲ್ಲಿ ಗಾಜಿನ ಕಂಪನಿಯ ಮುದ್ರೆ ಇನ್ನೂ ಮಾಸಿಲ್ಲ. ಅಲ್ಲಿಗೆ ಬೆರಳು ತಾಕಿತೋ, ಹಾಡು ನಿಂತುಹೋಗುತ್ತೆ.